ಕಂಬಳಿ ಹಾಸಿದ ಮೇಲೆ

ಮೊನ್ನೆ ಪೆರಿಯಕುಳಂನ ನಮ್ಮ ಬೀದಿಗೆ ಕಂಬಳಿ ಮಾರುವವನೊಬ್ಬ ಬಂದಿದ್ದ. ಮಾವಿನ ಮರಗಳೇ ಬಿಸಿಲಿಗೆ ಬೆವರುವ ಹೊತ್ತಿನಲ್ಲಿ ಕಂಬಳಿ ಮಾರಲು ಹೊರಟವನ ಧೈರ್ಯ ನೋಡಿ ನನಗೆ ಅವನ ಮೇಲೆ ಗೌರವವೇ ಬಂತು. ಸೈಕಲ್ಲಿನ ಹಿಂದೆ ಹೊರೆ ಹೊರೆ ಗುಲಾಬಿ ಹೂ, ಹುಲಿ, ನವಿಲು. "ಮುಟ್ಟಿ ನೋಡಿ ಅಮ್ಮಾ, ಒಂಚೂರೂ ಚುಚ್ಚೋದಿಲ್ಲ" ಎಂದು ತಮಿಳಿನಲ್ಲಿ ಹೇಳಿದ. ಮುಟ್ಟಿದೆ. ನಿಜ, ಬೆಕ್ಕಿನ ಮೈ ಸವರಿದ ಹಾಗಿತ್ತು.

"ಚುಚ್ಚದ ಮೇಲೆ ಅದೆಂಥ ಕಂಬಳಿಯಪ್ಪಾ?" ಎಂದೆ.

ಅವನು ನನ್ನನ್ನು ಒಮ್ಮೆ, ಬಿಸಿಲನ್ನು ಒಮ್ಮೆ ನೋಡಿ, ಈ ಮುದುಕಿಗೆ ಎರಡನೆಯದು ತಲೆಗೇರಿದೆ ಎಂದು ತೀರ್ಮಾನಿಸಿ ಮುಂದಿನ ಮನೆಗೆ ಹೋದ. ಕರೆದು ಕೂರಿಸಿ ಮಜ್ಜಿಗೆ ಕೊಟ್ಟು, ನಮ್ಮೂರ ಕಂಬಳಿಯ ಕಥೆ ಹೇಳಬೇಕೆಂದಿದ್ದೆ. ಅವನ ಪುಣ್ಯ, ತಪ್ಪಿಸಿಕೊಂಡ. ನೀವು ಸಿಕ್ಕಿದ್ದೀರಿ.

ನಮ್ಮವರು ಕನ್ನಡ ಸೀಮೆಯಿಂದ ತಮಿಳುನಾಡಿನ ಈ ಕಂಬಂ ಕಣಿವೆಗೆ ಬಂದು ಎಷ್ಟು ಶತಮಾನಗಳಾದವು ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಎಲ್ಲರೂ ಬಹಳ ಖಚಿತವಾಗಿ ಹೇಳುತ್ತಾರೆ. ಭತ್ತ, ಬಾಳೆ, ದನ, ಇವುಗಳ ಜೊತೆಗೆ ಮನೆಯೊಳಗೆ ಒಂದು ಕನ್ನಡವನ್ನೂ ಸಾಕಿಕೊಂಡು ಬಂದಿದ್ದೇವೆ. ಹೊಸಲು ದಾಟಿದರೆ ತಮಿಳು. ನಾನು ಓದಿದ್ದು ತಮಿಳಿನಲ್ಲಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಕೂದಲು ನರೆಯುವವರೆಗೆ ಪೌರನೀತಿ ಪಾಠ ಹೇಳಿದ್ದೂ ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿತದ್ದು ನಿವೃತ್ತಿಯಾದ ಮೇಲೆ. ಕಲಿತದ್ದನ್ನು ನಾಲ್ಕು ಜನರಿಗೆ ತೋರಿಸಬೇಕಲ್ಲ, ಅದಕ್ಕೇ ಈ ಬರವಣಿಗೆ.

ಉತ್ತಮಪಾಳಯಂ ಪಕ್ಕದ ನಮ್ಮ ಹಳ್ಳಿಯಲ್ಲಿ ಆಗಲೂ ಈಗಲೂ ನ್ಯಾಯ ಪಂಚಾಯಿತಿ ಎಂದರೆ ಕಂಬಳಿ. ಕರಿ ಉಣ್ಣೆಯ, ಒರಟು ನೇಯ್ಗೆಯ ಹಳೆಯ ಕಂಬಳಿ. ಅದನ್ನು ಹಾಸಿ ನಡುವೆ ನೀರು ತುಂಬಿದ ಕಲಶ, ಕಲಶದ ಬಾಯಿಗೆ ಬೇವಿನ ಸೊಪ್ಪು ಇಟ್ಟರೆ ಸಭೆ ಕೂಡಿತು ಎಂದು ಅರ್ಥ. ಅಲ್ಲಿಂದಾಚೆಗೆ ಕಂಬಳಿಗಿಂತ ಎತ್ತರದಲ್ಲಿ ಯಾರೂ ಕೂರುವಂತಿಲ್ಲ, ಅವರು ಎಷ್ಟೇ ದೊಡ್ಡವರಾಗಲಿ. ಮಾತು ಒಂದಕ್ಕೆ ಬರುವವರೆಗೆ ಯಾರೂ ಎದ್ದು ಹೋಗುವಂತಿಲ್ಲ. ಕಂಬಳಿ ಹಾಸಿದವನು ಎಲ್ಲರೂ ಕೂತ ಮೇಲೆ ಕೊನೆಯಲ್ಲಿ ಕೂರಬೇಕು. ಕೂತವರಿಗೆ ಅಲ್ಲಿ ಆದ ತೀರ್ಮಾನ ಕಟ್ಟು, ಕೂರದವರಿಗೆ ಕಟ್ಟಲ್ಲ. ಇಷ್ಟೇ ಕಾನೂನು. ಬರೆದಿಟ್ಟಿಲ್ಲ, ಆದ್ದರಿಂದ ಮರೆತದ್ದೂ ಇಲ್ಲ.

ಕಂಬಳಿಯನ್ನು ಕಾಯುವುದು ನನ್ನ ಅಜ್ಜನ ಮನೆಯ ಹಕ್ಕು. ಅಜ್ಜನ ನಂತರ ಅದು ನನ್ನ ತಾಯಿಯ ತಮ್ಮ ಬೊಮ್ಮಯ್ಯ ಮಾಮನಿಗೆ ಬಂತು. ಹಕ್ಕು ಗಂಡಸರದು, ಕೆಲಸ, ನೀವು ಊಹಿಸಿದ ಹಾಗೆ, ಹೆಂಗಸರದು. ವರ್ಷವೆಲ್ಲ ಅಟ್ಟದ ಮೇಲೆ ಮಲಗಿರುವ ಕಂಬಳಿಗೆ ನುಸಿ ಹಿಡಿಯದ ಹಾಗೆ ಮಡಿಕೆ ಮಡಿಕೆಗೂ ಒಣಬೇವು ಇಡಬೇಕು, ಬಿಸಿಲಿಗೆ ಹಾಕಬೇಕು, ಬಿದಿರುಕೋಲಿನಿಂದ ಬಡಿಯಬೇಕು. ಮಾಮನ ಹೆಂಡತಿ ವೀರಮ್ಮತ್ತೆ ಒಂದು ಕಡೆ, ನಾನು ಇನ್ನೊಂದು ಕಡೆ ನಿಂತು ಬಡಿಯುತ್ತಿದ್ದೆವು. ಧೂಳು ಎದ್ದರೆ ಇಬ್ಬರಿಗೂ ಸೀನು. ಅತ್ತೆಗೆ ಯಾರ ಮೇಲಾದರೂ ಸಿಟ್ಟಿದ್ದ ದಿನ ಕಂಬಳಿ ಬಹಳ ಚೊಕ್ಕಟವಾಗುತ್ತಿತ್ತು. ಬಡಿದು ಮಡಿಸಿ ಒಳಗಿಟ್ಟ ಮೇಲೆ ನಮ್ಮ ಪಾಲು ಮುಗಿಯಿತು. ಹಾಸಿದ ದಿನ ನಾವು ಊರ ಚಾವಡಿಯ ಕಂಬದ ಹಿಂದೆ ನಿಂತು ಕೇಳಬೇಕು. ಹೆಂಗಸರು ಕಂಬಳಿಯ ಮೇಲೆ ಕೂರುವುದು ನಮ್ಮ ಹಳ್ಳಿಯಲ್ಲಿ ಇರಲಿಲ್ಲ.

ನನ್ನ ವಿಷಯವೂ ಒಮ್ಮೆ ಕಂಬಳಿಗೆ ಬಂದಿತ್ತು. ದಿಂಡಿಗಲ್‌ನಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತೇನೆಂದು ನಾನು ಹಟ ಹಿಡಿದ ವರ್ಷ. ಊರಿನ ಹುಡುಗಿಯೊಬ್ಬಳು ಪರಸ್ಥಳದಲ್ಲಿ ರಾತ್ರಿ ತಂಗುವುದು ಎಂದರೆ ಊರಿಗೆಲ್ಲ ಸಂಬಂಧಪಟ್ಟ ಸಂಗತಿ. ನಾನು ಕಂಬದ ಹಿಂದೆ ನಿಂತಿದ್ದೆ. ಬಾಯಲ್ಲಿ ಪಾಠ ಮಾಡಿಕೊಂಡ ಭಾಷಣ. ನಡುವೆ ಒಂದು ಇಂಗ್ಲಿಷ್ ವಾಕ್ಯವನ್ನೂ ಸೇರಿಸಿಕೊಂಡಿದ್ದೆ. ಅದು ಯಾರಿಗೂ ಅರ್ಥವಾಗುವುದಿಲ್ಲ ಎಂಬುದೇ ಅದರ ಬಲ. ಹುಡುಗಿ ಕೆಡುತ್ತಾಳೆ ಎಂದು ಕೆಲವರು, ಓದಿದರೆ ವರ ಸಿಗುವುದಿಲ್ಲ ಎಂದು ಕೆಲವರು. ಆಗಿನ್ನೂ ಮೀಸೆ ದಟ್ಟವಾಗದ ಬೊಮ್ಮಯ್ಯ ಮಾಮ ಕಂಬಳಿಯ ತುದಿಯಲ್ಲಿ ಕೂತು, "ಓದ್ಲಿ ಬುಡಿ. ನಮ್ ಊರಲ್ಲೂ ಒಂದು ಟೀಚರ್ ಇರ್ಲಿ" ಎಂದ. ಬಿಡದೆ ಅದನ್ನೇ ಹೇಳಿದ. ಸಂಜೆಯ ಹೊತ್ತಿಗೆ ಎಲ್ಲರೂ ಸೋತು ಒಪ್ಪಿದರು. ನಾನು ಗೆದ್ದೆ. ಆದರೆ ಆ ದಿನವೆಲ್ಲ ಕಂಬಳಿಯ ಮೇಲಿದ್ದ ಒಬ್ಬರೂ ನನ್ನ ಕಡೆ ತಿರುಗಿ, ನಿನ್ನ ಮಾತೇನು ಎಂದು ಕೇಳಲಿಲ್ಲ. ಭಾಷಣ ಬಾಯಲ್ಲೇ ಉಳಿಯಿತು.

ಇದನ್ನು ಇಲ್ಲಿಗೇ ಬಿಟ್ಟು ಸ್ವಲ್ಪ ನನ್ನ ಪಾಠದ ಬಗ್ಗೆ ಹೇಳುತ್ತೇನೆ. ಮೇಷ್ಟರಿಗೆ ಸಂಬಳ ನಿಂತರೂ ಪಾಠ ನಿಲ್ಲುವುದಿಲ್ಲ.

ಸಂವಿಧಾನದಲ್ಲಿ ಕೇಂದ್ರದ ಪಟ್ಟಿ, ರಾಜ್ಯದ ಪಟ್ಟಿ, ಇಬ್ಬರಿಗೂ ಸೇರಿದ ಪಟ್ಟಿ ಎಂದು ಮೂರಿವೆಯಲ್ಲ, ಅದನ್ನು ಹೇಳುವಾಗ ಮಕ್ಕಳು ಆಕಳಿಸುತ್ತಿದ್ದರು. ಅದಕ್ಕೆ ನಾನು ಅಜ್ಜಿಯ ಅಡುಗೆಮನೆಯನ್ನು ತರುತ್ತಿದ್ದೆ. ಕಣಜದ ಬೀಗ ಅಜ್ಜಿಯದು, ಅದು ಕೇಂದ್ರ. ಸಾರಿಗೆ ಹುಳಿ ಖಾರ ಎಷ್ಟು ಎಂಬುದು ಸೊಸೆಯರದು, ಅದು ರಾಜ್ಯ. ಮಜ್ಜಿಗೆ ಇಬ್ಬರಿಗೂ ಸೇರಿದ್ದು. ಆದರೆ ಮಜ್ಜಿಗೆಯ ಬಗ್ಗೆ ಜಗಳ ಬಂದರೆ ಅಜ್ಜಿಯ ಮಾತೇ ನಡೆಯುವುದು. ಯಾವ ಪಟ್ಟಿಯಲ್ಲೂ ಇಲ್ಲದ್ದು? ನಿನ್ನೆಯ ಮಿಕ್ಕ ಸಾರು. ಅದೂ ಅಜ್ಜಿಯದೇ, ಅದು ಶೇಷಾಧಿಕಾರ. ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತಿತ್ತು. ಪರೀಕ್ಷೆಯಲ್ಲಿ ಒಬ್ಬಳು ಶೇಷಾಧಿಕಾರಕ್ಕೆ ಉದಾಹರಣೆಯಾಗಿ ಸಾರು ಎಂದೇ ಬರೆದಿದ್ದಳು. ನಾನು ಅಂಕ ಕೊಟ್ಟೆ.

ಹೀಗೆ ಕೇಂದ್ರ, ರಾಜ್ಯ ಎಂದು ಜೀವನವೆಲ್ಲ ಕೂಗಿದವಳನ್ನು ನಮ್ಮವರು ಸುಮ್ಮನೆ ಬಿಟ್ಟಾರೆಯೇ? ಕಣಿವೆಯ ಹಳ್ಳಿಗಳಲ್ಲಿ, ಆಂಡಿಪಟ್ಟಿಯ ಕಡೆ, ದಿಂಡಿಗಲ್‌ನ ಮಂಡಿಗಳಲ್ಲಿ ಚೆದುರಿಹೋದ ನಮ್ಮ ಮನೆಗಳನ್ನೆಲ್ಲ ಸೇರಿಸಿ ಒಂದು ಸಂಘ ಮಾಡಬೇಕು, ಅದಕ್ಕೊಂದು ಸಂವಿಧಾನ ಬೇಕು ಎಂದಾಯಿತು. ಬರೆಯುವ ಕೆಲಸ ನನ್ನ ಪಾಲಿಗೆ. ಬೇಡ ಬೇಡ ಎನ್ನುತ್ತಲೇ ಆ ಸಂಜೆಯೇ ಬರೆಯಲು ಕೂತೆ. ಮುನ್ನುಡಿ ಬರೆದಾಗಲಂತೂ ಒಂದು ದೇಶವನ್ನೇ ಕಟ್ಟುತ್ತಿದ್ದೇನೆ ಅನ್ನಿಸಿ, ಒಲೆಯ ಮೇಲಿನ ಹಾಲು ಉಕ್ಕಿದ್ದು ತಿಳಿಯಲಿಲ್ಲ.

ಕರಡಿನಲ್ಲಿ ಎರಡು ವಿಧಿಗಳ ಮೇಲೆ ನನಗೆ ಬಹಳ ಪ್ರೀತಿ. ಒಂದು: ಇನ್ನು ಮುಂದೆ ಕೇಂದ್ರ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಊರಿನ ಕಂಬಳಿಯ ತೀರ್ಮಾನವೂ ನಡೆಯದು, ಎಲ್ಲ ಊರುಗಳ ಕಂಬಳಿಗಳೂ ತೇನಿಯ ಕಚೇರಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇರತಕ್ಕದ್ದು. ಇನ್ನೊಂದು: ಹೆಂಗಸರೂ ಸಮಾನ ಸದಸ್ಯರು, ಯಾವ ಸಭೆಯಲ್ಲೂ ಕೂರಬಹುದು, ಮಾತಾಡಬಹುದು. ಎರಡನೆಯದಕ್ಕಾಗಿಯೇ ಮೊದಲನೆಯದನ್ನು ಬರೆದಿದ್ದೆ. ಅಧಿಕಾರ ಊರಿನಲ್ಲೇ ಉಳಿದರೆ ನಾವು ಕಂಬದ ಹಿಂದೆಯೇ ಉಳಿಯುತ್ತೇವೆ ಎಂಬುದು ನನ್ನ ಲೆಕ್ಕ.

ಕರಡು ಊರೂರಿಗೆ ಹೋದ ಮೇಲೆ ಬೊಮ್ಮಯ್ಯ ಮಾಮ ಉತ್ತಮಪಾಳಯಂನಿಂದ ಬಸ್ಸು ಹತ್ತಿ, ತೇನಿಯಲ್ಲಿ ಇನ್ನೊಂದು ಬಸ್ಸು ಹಿಡಿದು ನಮ್ಮ ಮನೆಗೆ ಬಂದ. ಬಾಳೆಗೊನೆಯನ್ನು ಮೂಲೆಯಲ್ಲಿಟ್ಟು, ನೀರನ್ನೂ ಕುಡಿಯದೆ ಶುರುಮಾಡಿದ.

"ಏನ್ ತಾಯೀ, ನಿನ್ ಸಟ್ಟದಾಗೆ ನಮ್ ಕಂಬ್ಳಿನ ಗಾಜ್ ಪೆಟ್ಗೇಲಿ ಇಕ್ತೀಯಂತೆ?" ಸಟ್ಟ ಎಂದರೆ ನಮ್ಮ ಮನೆಗನ್ನಡದಲ್ಲಿ ಕಾನೂನು.

"ಕಾಪಾಡೋಕೆ ಮಾಮಾ. ನುಸಿ ತಿಂದೋಗ್ತದೆ ಅಲ್ವಾ?"

"ಇಷ್ಟ್ ದಿನ ತಿಂದಿಲ್ಲ. ನಿಮ್ಮತ್ತೆ ಕೈಗೆ ಎದ್ರಿ ನುಸಿ ಅಟ್ಟ ಅತ್ತಾದಿಲ್ಲ." ಮಾಮ ನಗಲಿಲ್ಲ. "ನಾಳೆ ಅಣ್ತಮ್ದೀರು ಕಾಲ್ವೆ ನೀರಿಗೆ ಜಗ್ಳ ಆಡ್ತಾರೆ. ತೇನಿಯಿಂದ ಯಾರ್ ಬತ್ತಾರೆ, ಯೋಳು? ಫೋನ್ ಮಾಡುದ್ರೆ ತಲೈವರ್ ಮೀಟಿಂಗ್‌ನಾಗೆ ಅವ್ರೆ ಅಂತಾರೆ. ಅಷ್ಟೊತ್ಗೆ ನೀರೂ ಓಯ್ತು, ಪೈರೂ ಓಯ್ತು."

"ಊರಿಗೆ ಎಲ್ಲಾ ಬುಟ್ರೆ ಹೆಂಗಸ್ರಿಗೆ ಎಂದು ಜಾಗ ಕೊಡ್ತೀರಾ ಮಾಮಾ?"

ಮಾಮ ಬಾಳೆಗೊನೆಯನ್ನು ಇನ್ನಷ್ಟು ಮೂಲೆಗೆ ಸರಿಸಿದ. ಆಮೇಲೆ ಮೆಲ್ಲಗೆ, "ನಿನ್ನ ಕಾಲೇಜ್‌ಗೆ ಕಳ್ಸಿದ್ದು ಯಾವ್ ಕಂಬ್ಳಿ ತಾಯೀ? ತೇನಿ ಕಂಬ್ಳಿಯಾ?" ಎಂದ.

ಪೌರನೀತಿ ಟೀಚರು ಎದ್ದು ನೀರು ತರಲು ಒಳಗೆ ಹೋದಳು. ಮಾಮ ನೀರು ಕುಡಿದು, ಊಟ ಮಾಡಿ, ನನ್ನ ಸಾರಿಗೆ ಉಪ್ಪು ಕಡಿಮೆ ಎಂದು ಹೇಳಿ ಹೊರಟುಹೋದ. ಅವನು ಹೋದ ಮೇಲೆ ಕರಡನ್ನು ತೆಗೆದು ಮತ್ತೆ ಓದಿದೆ. ಒಂದು ಅಕ್ಷರವನ್ನೂ ತಿದ್ದಲಿಲ್ಲ. ನನಗೆ ಮಾಮನ ಮೇಲೆ ಪ್ರೀತಿಯಿತ್ತು. ಕಂಬದ ಮೇಲೆ ಇರಲಿಲ್ಲ.

ನಮ್ಮವರ ತಮಾಷೆ ಒಂದಿದೆ. ತೇನಿ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಬೆಳಗಿನ ಪೇಪರು ಹಿಡಿದು, ದಿಲ್ಲಿ ಎಲ್ಲವನ್ನೂ ಬಾಚಿಕೊಂಡರೆ ರಾಜ್ಯಗಳಿಗೆ ಏನು ಉಳಿಯಿತು ಎಂದು ಗ್ಲಾಸು ಕುಟ್ಟಿ ಕೇಳುವ ಗಂಡಸರೇ, ಸಂಘದ ಮಾತು ಬಂದರೆ ಕೇಂದ್ರ ಗಟ್ಟಿಯಾಗಿರಬೇಕು ಎನ್ನುತ್ತಿದ್ದರು. ಕಾರಣ ಸುಲಭ. ಅಲ್ಲಿ ಅವರು ರಾಜ್ಯ, ಇಲ್ಲಿ ಅವರೇ ಕೇಂದ್ರ. ಅವರನ್ನು ನೋಡಿ ನಗುವ ಹಕ್ಕು ನನಗೂ ಇರಲಿಲ್ಲ. ಮನೆಯಲ್ಲಿ ಸೊಸೆಯಾಗಿದ್ದಾಗ ಕಣಜದ ಬೀಗ ಸೊಸೆಗೂ ಬೇಕು ಎನ್ನುತ್ತಿದ್ದವಳು, ಅತ್ತೆಯಾದ ಮೇಲೆ ಬೀಗದ ಕೈಯನ್ನು ಸೊಂಟಕ್ಕೇ ಸಿಕ್ಕಿಸಿಕೊಂಡೆ.

ಸಂವಿಧಾನ ಒಪ್ಪಿಕೊಳ್ಳುವ ಮಹಾಸಭೆ ಎಲ್ಲಿ ಎಂಬುದಕ್ಕೂ ಜಗಳವಾಗಿ, ಎಲ್ಲರಿಗೂ ಸಮಾನವಾಗಿ ತೊಂದರೆಯಾಗಲಿ ಎಂದು ತೇನಿಯ ಒಂದು ಮದುವೆ ಮಂಟಪವನ್ನು ಹಿಡಿದರು. ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿ. ಮೇಲೆ ವೇದಿಕೆಯಲ್ಲಿ ಮದುಮಕ್ಕಳು ಕೂರುವ ಕೆಂಪು ಸೋಫಾ. ಅದರಲ್ಲಿ ನಮ್ಮ ಅಧ್ಯಕ್ಷರು. ದಿಂಡಿಗಲ್‌ನಲ್ಲಿ ಈರುಳ್ಳಿ ಮಂಡಿ ಇಟ್ಟಿರುವ, ಹುಟ್ಟಿದ್ದೂ ಬೆಳೆದದ್ದೂ ಅಲ್ಲೇ ಆದ ಒಳ್ಳೆಯ ಮನುಷ್ಯ. ಮಂಡಿ ಚಿಪ್ಪಿನ ಆಪರೇಷನ್ ಆಗಿ ಇನ್ನೂ ಕೋಲು ಬಿಟ್ಟಿರಲಿಲ್ಲ. ಗಂಡಸರು ಮುಂದಿನ ಕುರ್ಚಿಗಳಲ್ಲಿ, ನಾವು ಹಿಂದಿನವುಗಳಲ್ಲಿ. ಸಂವಿಧಾನ ಬರೆದವಳೆಂದು ನನಗೆ ಫ್ಯಾನಿನ ಕೆಳಗೆ ಕುರ್ಚಿ ಕೊಟ್ಟಿದ್ದರು.

ಅಧ್ಯಕ್ಷರು ಯಾವುದಾದರೂ ಊರಿನಿಂದ ಒಂದು ಹಳೆಯ ಕಂಬಳಿ ತರಿಸಿ ಎಂದಿದ್ದರು, ಸಂಪ್ರದಾಯದ ನೆನಪಿಗೆ. ನಮ್ಮೂರಿನದೇ ಬಂದಿತ್ತು. ಮಾಮ ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಮೊದಲ ಸಾಲಿನಲ್ಲಿ ಕೂತಿದ್ದ. ಮಡಿಸಿದ ಕಂಬಳಿಯಿಂದ ಯಾರಿಗೂ ಏನೂ ಆಗದು. ಅದು ನಿದ್ದೆಯಲ್ಲಿರುತ್ತದೆ.

ಫೋಟೋ ತೆಗೆಯುವವನು ಬಂದ. ಅಧ್ಯಕ್ಷರು ಮೈಕಿನಲ್ಲೇ, "ಮಾಮಾ, ಅದ ಒಂಚೂರು ಮೇಡೈ ಮುಂದೆ ಆಸ್ಬುಡಿ. ಮೇಲೆ ಕಲ್ಸ ಇಕ್ಕುದ್ರೆ ಫೋಟೋ ಚೆನ್ನಾಗಿ ಬತ್ತದೆ" ಎಂದರು.

ಮಾಮ ತಲೆ ಎತ್ತಿ ನೋಡಿದ. "ಆಸ್ಲಾ?"

"ಆಸಿ ಮಾಮಾ."

"ಆಸುದ್ ಮೇಲೆ ಆಸುದಂಗೆ. ಯೋಚ್ನೆ ಮಾಡಿ ಯೋಳಿ."

"ಅಯ್ಯೋ, ಆಸಿ ಮಾಮಾ, ಟೈಮ್ ಆಯ್ತದೆ!"

ಹಿಂದಿನ ಸಾಲಿನಲ್ಲಿ ನಾನು ಕುರ್ಚಿಯ ತುದಿಗೆ ಸರಿದೆ. ಪಕ್ಕದಲ್ಲಿದ್ದ ವೀರಮ್ಮತ್ತೆ ನನ್ನ ಕೈ ಹಿಡಿದಳು. ಮಾಮ ಎದ್ದು, ಚಪ್ಪಲಿ ಬಿಟ್ಟು, ವೇದಿಕೆಯ ಮುಂದಿನ ನೆಲದ ಮೇಲೆ ಕಂಬಳಿಯನ್ನು ಬಿಡಿಸಿದ. ಒಣಬೇವಿನ ಪುಡಿ ಉದುರಿತು. ಕಲಶ ಇಟ್ಟ.

ಕಂಬಂ ಕಡೆಯ ಹಿರಿಯರೊಬ್ಬರು ಕುರ್ಚಿ ಬಿಟ್ಟು ನೆಲಕ್ಕೆ ಇಳಿದರು. ಅವರ ಪಕ್ಕದವರು ಇಳಿದರು. ಆಮೇಲೆ ಮಂಟಪದ ತುಂಬ ಕುರ್ಚಿ ಹಿಂದೆ ಸರಿಯುವ ಸದ್ದು. ಊರಿಗೊಬ್ಬರು ಕಂಬಳಿಯ ಮೇಲೆ, ಮಿಕ್ಕವರು ಅವರವರ ಬೆನ್ನ ಹಿಂದೆ ನೆಲದ ಮೇಲೆ. ದಿಂಡಿಗಲ್‌ನ ಪ್ಯಾಂಟಿನವರೂ ಬೆಲ್ಟು ಸಡಿಲಿಸಿಕೊಂಡು ಕೂತರು. ಕೊನೆಗೆ ಎತ್ತರದಲ್ಲಿ ಉಳಿದದ್ದು ಕೆಂಪು ಸೋಫಾ, ಅದರಲ್ಲಿ ಅಧ್ಯಕ್ಷರು. ಇಡೀ ಸಭೆ ಅವರನ್ನೇ ನೋಡುತ್ತಿತ್ತು.

"ಫೋಟೋಗೆ ತಾನೇ..." ಎಂದರು. ಮೈಕು ಅದನ್ನು ಮೂಲೆ ಮೂಲೆಗೂ ಮುಟ್ಟಿಸಿತು.

ಪಾಪ, ಇಳಿದರು. ಇಬ್ಬರು ರಟ್ಟೆ ಹಿಡಿದು ಕೂರಿಸಿದರು. ಒಂದು ಕಾಲನ್ನು ನೀಟಾಗಿ ಮುಂದೆ ಚಾಚಿ, ಹಣೆ ಒರೆಸಿಕೊಂಡು, "ಸರಿ, ಪೇಸುವೋಂ" ಎಂದು ತಮಿಳಿನಲ್ಲಿ ನಿಟ್ಟುಸಿರಿಟ್ಟರು. ಮಾತಾಡಿಯೇಬಿಡೋಣ ಎಂದು. ನಾನು ಪುಟಗಟ್ಟಲೆ ಬರೆದ ಕೇಂದ್ರಾಧಿಕಾರ ಹೀಗೆ ಎರಡು ಮೆಟ್ಟಿಲು ಇಳಿದು ನೆಲಕ್ಕೆ ಬಂತು.

ಏನು ತೀರ್ಮಾನವಾಯಿತು ಎಂದು ಈಗಲೇ ಹೇಳಿಬಿಡುತ್ತೇನೆ. ಸಂಘವಾಯಿತು, ಸಂವಿಧಾನವೂ ಆಯಿತು. ಗಾಜಿನ ಪೆಟ್ಟಿಗೆ ಹೋಯಿತು. ಊರಿನ ವಿಷಯ ಊರಿನ ಕಂಬಳಿಯಲ್ಲೇ. ಅಲ್ಲಿ ಬಗೆಹರಿಯದಿದ್ದರೆ, ಅಲ್ಲಿ ನೊಂದವರು ಕರೆದರೆ ಮಾತ್ರ ಕೇಂದ್ರ. ಮತ್ತೆ ಕೇಂದ್ರಕ್ಕೆ ಅಂತ ಸ್ವಂತ ಕಂಬಳಿ ಇರಕೂಡದು. ಸಭೆ ಸೇರಬೇಕಾದರೆ ಪ್ರತಿ ಸಲವೂ ಬೇರೆ ಬೇರೆ ಊರಿನಿಂದ ಕಂಬಳಿ ಕೇಳಿ ತರಬೇಕು, ಆ ಊರಿನವರೇ ಹಾಸಬೇಕು. ಊರು ಕಂಬಳಿ ಕೊಡಲಿಲ್ಲವೋ, ಕೇಂದ್ರ ಕೂರುವಂತಿಲ್ಲ. ಈ ವಿಧಿಯನ್ನು ನಾನು ಬರೆಯಲಿಲ್ಲ, ಕಂಬಳಿಯ ಮೇಲೆ ಕೂತವರು ಬಾಯಲ್ಲೇ ಕಟ್ಟಿದರು. ಆದರೂ ನನ್ನ ಇಡೀ ಕರಡಿನಲ್ಲಿ ಇಷ್ಟು ಒಳ್ಳೆಯ ವಿಧಿ ಇನ್ನೊಂದಿರಲಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಆದರೆ ಇವೆಲ್ಲ ಆಮೇಲಿನ ಮಾತು. ಅಧ್ಯಕ್ಷರು ಕಾಲು ಚಾಚಿ ಕೂತ ಕ್ಷಣದಲ್ಲಿ ಮಾತೇ ಶುರುವಾಗಿರಲಿಲ್ಲ. ಕಾರಣ, ಬೊಮ್ಮಯ್ಯ ಮಾಮ ಇನ್ನೂ ನಿಂತಿದ್ದ.

ನಾವೂ ನಿಂತಿದ್ದೆವು. ಕಂಬಳಿ ಹಾಸಿದ ಕೂಡಲೇ ಹೆಂಗಸರೆಲ್ಲ ಕುರ್ಚಿ ಬಿಟ್ಟೆದ್ದು, ಯಾರೂ ಹೇಳದೆಯೇ, ಮಂಟಪದ ಕಂಬಗಳ ಹಿಂದೆ ಸರಿದಿದ್ದೆವು. ನಾನೂ! ಹೆಂಗಸರು ಎಲ್ಲಿ ಬೇಕಾದರೂ ಕೂರಬಹುದು ಎಂದು ಬರೆದ ಕೈಗೆ ಕಂಬ ತಾಕುತ್ತಿತ್ತು. ನನ್ನ ಮೇಲೆ ನನಗೇ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಸಿಟ್ಟೇ ಬಾಯಿ ತೆರೆಸಿತು.

"ಮಾಮಾ, ಒಂದ್ ಮಾತು" ಎಂದೆ. ತಲೆಗಳೆಲ್ಲ ಹಿಂದೆ ತಿರುಗಿದವು. "ಕಂಬ್ಳಿ ಕೂತೋರ್ನ ತಾನೇ ಕಟ್ಟಾದು? ನಿಂತೋರ್ನ ಕಟ್ಟಾದಿಲ್ಲ, ಅಲ್ವಾ?"

"ಅವ್ದು ತಾಯೀ. ಅದೇ ವಳಕ್ಕ, ಅದೇ ರೂಢಿ."

"ನಾವೆಲ್ಲಾ ನಿಂತಿದೀವಿ. ಇವತ್ತು ನೀವ್ ಏನ್ ಸಟ್ಟ ಮಾಡುದ್ರೂ ನಮಗ್ ಕಟ್ಟಲ್ಲ. ನಮ್ ಸಂಘ ಬೇರೆ, ನಿಮ್ ಸಂಘ ಬೇರೆ. ಸರಿಯಾ?"

ಗುಜುಗುಜು ಎದ್ದಿತು. ಅಂಗೆಲ್ಲಾ ಆಗಾದಿಲ್ಲ ಎಂದು ಯಾರೋ. ಸರಿಯಾಗೇ ಯೋಳ್ತಾವ್ಳಲ್ಲಾ ಎಂದು ಇನ್ನಾರೋ. ಮಾಮ ಇಬ್ಬರನ್ನೂ ನೋಡಲಿಲ್ಲ, ಕಂಬಳಿಯನ್ನು ನೋಡಿದ. ಅವನಿಗೆ ನನ್ನ ಸಂವಿಧಾನ ಅಷ್ಟಕ್ಕಷ್ಟೇ. ಆದರೆ ಕಂಬಳಿಯ ಕಾನೂನಿಗೆ ಅವನು ಎದುರಾಡುವವನಲ್ಲ. ತಲೆ ಎತ್ತಿ, ಹೆಂಗಸರ ಕಡೆಗೆ ಕೈ ಮಾಡಿ, "ಬನ್ನಿ, ಕೂತ್ಕಳಿ" ಎಂದ. "ಎಲ್ರೂ ಕೂತ್ ಮೇಲೆ ತಾನೇ ನಾನ್ ಕೂರಾದು? ನನ್ ಕಾಲೂ ನೋಯ್ತದೆ."

ಯಾರೂ ಕದಲಲಿಲ್ಲ. ವೀರಮ್ಮತ್ತೆ ನನ್ನ ಕೈ ಬಿಟ್ಟು ಮುಂದೆ ಹೋದಳು. ಗಂಡಸರು ದಾರಿ ಬಿಟ್ಟರು. ಕಂಬಳಿಯ ಹತ್ತಿರ ನಿಂತು, ಮಡಿಚಿಕೊಂಡಿದ್ದ ಒಂದು ಮೂಲೆಯನ್ನು ಬಾಗಿ ನೇರ ಮಾಡಿದಳು, ಜೀವಮಾನದ ಅಭ್ಯಾಸ. ಆಮೇಲೆ ಅದರ ಮೇಲೆ ಕೂತಳು. ಅವಳ ಹಿಂದೆ ನಾನು. ನಮ್ಮ ಹಿಂದೆ ಸೀರೆಗಳ ಸರಸರ ಸದ್ದು, ಒಬ್ಬೊಬ್ಬರಾಗಿ ಎಲ್ಲರೂ. ನನ್ನ ಎರಡನೆಯ ವಿಧಿಯ ಮೇಲೆ ಅಂದು ಚರ್ಚೆಯೇ ನಡೆಯಲಿಲ್ಲ. ಅದು ಆಗಲೇ ಕೂತುಬಿಟ್ಟಿತ್ತು.

"ಏನ್ ಚುಚ್ತದೆ!" ಎಂದು ಅತ್ತೆ ಪಿಸುಗುಟ್ಟಿದಳು. "ಇಷ್ಟ್ ವರ್ಸ ಬಡಿದಿದೀನಿ, ಗೊತ್ತೇ ಆಗಿಲ್ಲ ನೋಡು."

ನಿಜ, ಬಹಳ ಚುಚ್ಚುತ್ತಿತ್ತು. ನನಗೆ ಕಣ್ಣು ತುಂಬಿ ಬಂತು. ಅದು ಚುಚ್ಚಿದ್ದಕ್ಕಲ್ಲ.

ಮಾಮ ಸುತ್ತಲೂ ಒಮ್ಮೆ ನೋಡಿ, ನಿಂತವರು ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಮೊಳಕಾಲು ಹಿಡಿದು ಕೊನೆಯವನಾಗಿ ಕೂತ. ಕಲಶದ ನೀರು ಅಲುಗಿ ನಿಂತಿತು. ಅವನು ಅಧ್ಯಕ್ಷರ ಕಡೆ ತಿರುಗಲಿಲ್ಲ, ಕಂಬಂ ಹಿರಿಯರ ಕಡೆಯೂ ತಿರುಗಲಿಲ್ಲ. ನನ್ನ ಕಡೆ ತಿರುಗಿದ.

"ಯೋಳು ತಾಯೀ. ನಿನ್ ಮಾತೇನು?"

ಮೇಷ್ಟರ ಅಭ್ಯಾಸ, ಮಾತು ಎಂದ ಕೂಡಲೇ ಎದ್ದು ನಿಲ್ಲಲು ಹೋದೆ. ಅತ್ತೆ ಸೆರಗು ಹಿಡಿದು ಜಗ್ಗಿದಳು.

"ಕೂತ್ಕಂಡೇ ಯೋಳು."

ಕೂತುಕೊಂಡೇ ಹೇಳಿದೆ.